ವಿಂಡೋಸಿನ ಫೈಲು ಲಿನಕ್ಸಿನಲ್ಲಿ ತೆರೆಯುವುದು ಹೇಗೆ? ಎರಡು ಸಿಸ್ಟಮ್ ಇರುವ ಲ್ಯಾಪ್‌ಟಾಪಿನವರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇರುವುದಿಲ್ಲ, ಇಲ್ಲವೇ ಪ್ರೊಸೆಸರ್ ಅವರ ಪಟ್ಟಿಯಲ್ಲಿ ಇರುವುದಿಲ್ಲ. ಹಾಗಂತ ಚೆನ್ನಾಗಿ ಓಡುತ್ತಿರುವುದನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಮಂಗಳೂರು, ಉಡುಪಿ ಕಡೆ ನನ್ನ ಪರಿಚಯದ ಎಷ್ಟೋ ಮಂದಿ ವಿಂಡೋಸನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್ (ಎರಡೂ ಲಿನಕ್ಸಿನ ಬಗೆಗಳೇ) ಹಾಕಿಸಿಕೊಂಡಿದ್ದಾರೆ. ಸುರತ್ಕಲ್, ಮಣಿಪಾಲದ ಇಂಜಿನಿಯರಿಂಗ್ ಹುಡುಗರಲ್ಲಿ ಇದು ಹೊಸತೇನಲ್ಲ.

ಹಾಕಿಸಿಕೊಂಡ ಮೇಲೆ ಬರುವ ಮೊದಲ ಫೋನು ಯಾವಾಗಲೂ ಒಂದೇ. "ಮಾವ, ನನ್ನ ಫೋಟೋ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಎಲ್ಲಿ ಹೋಯಿತು?" ಎಲ್ಲಿಗೂ ಹೋಗಿಲ್ಲ ಮಾರಾಯ. ಅದೇ ಡಿಸ್ಕಿನ ಇನ್ನೊಂದು ಪಾರ್ಟಿಶನ್ನಿನಲ್ಲಿ, ಅಂದರೆ ಇನ್ನೊಂದು ಭಾಗದಲ್ಲಿ, ಸುಮ್ನೆ ಕೂತಿವೆ. ಅವನ್ನು ತೆರೆಯುವುದು ಕಷ್ಟವಲ್ಲ. ಆದರೆ ತೆರೆಯುವ ಮುಂಚೆ ವಿಂಡೋಸಿನ ಕಡೆ ಒಂದೆರಡು ಕೆಲಸ ಮುಗಿಸಿಕೊಳ್ಳಬೇಕು. ನಾನು ನೋಡಿದ ತಕರಾರುಗಳಲ್ಲಿ ಹೆಚ್ಚಿನವು ಲಿನಕ್ಸಿನದ್ದಲ್ಲ, ವಿಂಡೋಸ್ ಸರಿಯಾಗಿ ಬಂದ್ ಆಗದೇ ಇರುವುದರಿಂದ ಬಂದವು.

ಯಾರಿಗೆ ಯಾರ ಭಾಷೆ ಬರುತ್ತದೆ

ವಿಂಡೋಸ್ ತನ್ನ ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿ ಬರೆಯುತ್ತದೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದದ್ದು ಅದು. ಉಬುಂಟು, ಮಿಂಟ್ ಬಳಸುವುದು ಇಎಕ್ಸ್‌ಟಿ4. ಲಿನಕ್ಸಿಗೆ ಎನ್‌ಟಿಎಫ್‌ಎಸ್ ಓದಲೂ ಬರುತ್ತದೆ, ಬರೆಯಲೂ ಬರುತ್ತದೆ. ಮೊದಲು ಎನ್‌ಟಿಎಫ್‌ಎಸ್-3ಜಿ ಎಂಬ ಪ್ರೋಗ್ರಾಮಿನ ಮೂಲಕ ಇದು ನಡೆಯುತ್ತಿತ್ತು. 2021ರಲ್ಲಿ ಬಂದ 5.15ನೇ ಕರ್ನೆಲ್‌ಗೆ (ಕರ್ನೆಲ್ ಅಂದರೆ ಲಿನಕ್ಸಿನ ಒಳತಿರುಳು) ಪ್ಯಾರಗಾನ್ ಕಂಪನಿ ಕೊಟ್ಟ ಹೊಸ ಡ್ರೈವರ್ ಕೂಡ ಸೇರಿತು. ನೀವು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ವಿಂಡೋಸಿಗೆ ಮಾತ್ರ ಇಎಕ್ಸ್‌ಟಿ4 ಗೊತ್ತಿಲ್ಲ. ಆದ್ದರಿಂದ ನನ್ನ ಸಲಹೆ: ಆ ಕಡೆ ಈ ಕಡೆ ಫೈಲು ಸಾಗಿಸುವ ಕೆಲಸವನ್ನೆಲ್ಲ ಲಿನಕ್ಸಿನಲ್ಲಿ ಕೂತೇ ಮಾಡಿ. ವಿಂಡೋಸಿನಿಂದ ಲಿನಕ್ಸಿನ ಒಳಗೆ ಇಣುಕುವ ಪ್ರಯತ್ನ ತೀರಾ ಅಗತ್ಯ ಬಿದ್ದಾಗ ಮಾತ್ರ.

ಮೊದಲು ವಿಂಡೋಸಿಗೆ ಹೋಗಿ

ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಅಂತ ಒಂದು ಸೌಲಭ್ಯ ಇದೆ. ನೀವು 'ಶಟ್ ಡೌನ್' ಒತ್ತಿದರೂ ಅದು ಪೂರ್ತಿ ಬಂದ್ ಆಗುವುದಿಲ್ಲ. ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮುಂದಿನ ಸಲ ಬೇಗ ಏಳುತ್ತದೆ. ಅಂಗಡಿಯ ಶಟರ್ ಅರ್ಧ ಎಳೆದು ಊಟಕ್ಕೆ ಹೋದ ಹಾಗೆ. ಆ ಹೊತ್ತಿಗೆ ಲಿನಕ್ಸ್ ಒಳಗೆ ಹೋಗಿ ಸಾಮಾನು ಅತ್ತಿತ್ತ ಮಾಡಿದರೆ, ಬಂದವನಿಗೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಲಿನಕ್ಸ್ ಅಂಥ ಪಾರ್ಟಿಶನ್ನನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ.

ಇದನ್ನು ನಿಲ್ಲಿಸುವುದು ಹೀಗೆ:

1. ವಿಂಡೋಸಿನಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ಸ್ಟಾರ್ಟ್ ಒತ್ತಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ.

2. 'ಹಾರ್ಡ್‌ವೇರ್ ಆಂಡ್ ಸೌಂಡ್', ಅದರೊಳಗೆ 'ಪವರ್ ಆಪ್ಶನ್ಸ್'.

3. ಎಡಗಡೆ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಅಂತ ಇರುತ್ತದೆ. ಅದನ್ನು ಒತ್ತಿ.

4. ಕೆಳಗಿನ ಆಯ್ಕೆಗಳು ಮಸುಕಾಗಿ ಕಾಣುತ್ತವೆ. ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನವೇಲಬಲ್' ಒತ್ತಿದರೆ ಎದ್ದು ಕಾಣುತ್ತವೆ.

5. 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಮುಂದಿನ ಟಿಕ್ ತೆಗೆದು, ಸೇವ್ ಮಾಡಿ.

ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿನಲ್ಲಿ ಇದರಿಂದ ಏಳುವುದು ತಡವಾಯಿತು ಅಂತ ನಿಮಗೆ ಗೊತ್ತೇ ಆಗಲಿಕ್ಕಿಲ್ಲ. ವಿಂಡೋಸಿಗೆ ದೊಡ್ಡ ಅಪ್‌ಡೇಟ್ ಬಂದ ಮೇಲೆ ಈ ಟಿಕ್ ವಾಪಸ್ ಬಂದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಸೆಟ್ಟಿಂಗ್ ಮುಟ್ಟಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಲಿನಕ್ಸಿಗೆ ಹೋಗುವಾಗ 'ಶಟ್ ಡೌನ್' ಬೇಡ, 'ರೀಸ್ಟಾರ್ಟ್' ಒತ್ತಿ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ತಿ ಬಂದ್ ಆಗುತ್ತದೆ. ಕೇಳಿದರೆ ಉಲ್ಟಾ ಅನಿಸುತ್ತದೆ, ಅಲ್ವಾ? ಆದರೆ ವಿಷಯ ಇರುವುದೇ ಹಾಗೆ. ಶಿಫ್ಟ್ ಕೀ ಒತ್ತಿ ಹಿಡಿದು 'ಶಟ್ ಡೌನ್' ಒತ್ತಿದರೂ ಪೂರ್ತಿ ಬಂದ್ ಆಗುತ್ತದೆ. ಹೈಬರ್ನೇಟ್ ಮಾಡಿಟ್ಟು ಲಿನಕ್ಸಿಗೆ ಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ.

ಎರಡನೆಯ ಕೆಲಸ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದಂತೆ ವಿಂಡೋಸ್ ಹಾಕುವ ಬೀಗ (ಎನ್‌ಕ್ರಿಪ್ಶನ್). ಸೆಟ್ಟಿಂಗ್ಸ್ ಒಳಗೆ 'ಪ್ರೈವಸಿ ಆಂಡ್ ಸೆಕ್ಯೂರಿಟಿ', ಅದರಲ್ಲಿ 'ಡಿವೈಸ್ ಎನ್‌ಕ್ರಿಪ್ಶನ್' ಇದೆಯಾ ನೋಡಿ. 2024ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಇದು ಹೆಚ್ಚಾಗಿ ತಾನಾಗಿಯೇ ಆನ್ ಆಗಿರುತ್ತದೆ. ಎಷ್ಟೋ ಮಂದಿಗೆ ತಮ್ಮ ಡಿಸ್ಕಿಗೆ ಬೀಗ ಬಿದ್ದಿದೆ ಅಂತಲೇ ಗೊತ್ತಿರುವುದಿಲ್ಲ.

ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ಹುಡುಕಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯ ಸೈಟಿನಲ್ಲಿ ನಿಮ್ಮ ಡಿವೈಸ್ ಹೆಸರಿನ ಕೆಳಗೆ ಅದು ಇರುತ್ತದೆ. ಕಾಗದದಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ನೋಟ್‌ಪ್ಯಾಡ್ ಫೈಲು ಮಾಡಿಟ್ಟರೆ ಬೀಗದ ಕೈ ಒಳಗೇ ಉಳಿಯಿತು, ಏನೂ ಪ್ರಯೋಜನ ಇಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಏಳುವಾಗಿನ ಸೆಟ್ಟಿಂಗುಗಳಲ್ಲಿ) ಸೆಕ್ಯೂರ್ ಬೂಟ್ ಎಂಬ ಆಯ್ಕೆ ಮುಟ್ಟಿದರೆ ವಿಂಡೋಸ್ ಕೂಡ ಏಳುವಾಗ ಇದೇ ಕೀ ಕೇಳಬಹುದು.

ಎನ್‌ಕ್ರಿಪ್ಶನ್ ತೆಗೆದುಬಿಡಬೇಕಾ? ಮನೆಯಲ್ಲೇ ಇರುವ ಡೆಸ್ಕ್‌ಟಾಪ್ ಆದರೆ ತೆಗೆದರೂ ಅಡ್ಡಿಯಿಲ್ಲ. ದಿನಾ ಬಸ್ಸಿನಲ್ಲಿ ಮಂಗಳೂರು–ಉಡುಪಿ ಓಡಾಡುವ ಲ್ಯಾಪ್‌ಟಾಪ್ ಆದರೆ ಇರಲಿ. ಯಾಕೆ ಅಂದರೆ ವಿಂಡೋಸಿನ ಲಾಗಿನ್ ಪಾಸ್‌ವರ್ಡಿಗೆ ಲಿನಕ್ಸಿನಲ್ಲಿ ಬೆಲೆಯಿಲ್ಲ. ಬೀಗ ಇಲ್ಲದ ಡಿಸ್ಕನ್ನು ಯಾರು ಬೇಕಾದರೂ ಒಂದು ಲಿನಕ್ಸ್ ಪೆನ್‌ಡ್ರೈವ್ ಹಾಕಿ ಓದಬಹುದು.

ಹೋಗುವ ಮುಂಚೆ ಇನ್ನೊಂದು ಚಿಕ್ಕ ಕೆಲಸ. ಲಿನಕ್ಸಿನಲ್ಲಿ 'ಸಿ', 'ಡಿ' ಡ್ರೈವ್ ಎಂಬ ಹೆಸರುಗಳು ಕಾಣುವುದಿಲ್ಲ. '250 ಜಿಬಿ ವಾಲ್ಯೂಮ್' ಅಂತ ಏನೋ ಒಂದು ಕಾಣುತ್ತದೆ. 'ದಿಸ್ ಪಿಸಿ'ಯಲ್ಲಿ ಪ್ರತಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ರೀನೇಮ್ ಒತ್ತಿ, ಗುರುತು ಸಿಗುವ ಹೆಸರು ಕೊಟ್ಟುಬಿಡಿ. ಆಮೇಲೆ ತಡಕಾಡುವುದು ತಪ್ಪುತ್ತದೆ.

ಈಗ ಲಿನಕ್ಸಿನಲ್ಲಿ

ಮಿಂಟ್ ಆದರೆ ಫೈಲ್ ಮ್ಯಾನೇಜರ್ ತೆರೆದಾಗ ಎಡಗಡೆ 'ಡಿವೈಸಸ್' ಕೆಳಗೆ ಪಾರ್ಟಿಶನ್‌ಗಳು ಕಾಣುತ್ತವೆ. ಉಬುಂಟುವಿನಲ್ಲಿ ಎಡಗಡೆಯ ಪಟ್ಟಿಯಲ್ಲೇ ಇರಬಹುದು, ಇಲ್ಲದಿದ್ದರೆ 'ಅದರ್ ಲೊಕೇಶನ್ಸ್' ಒಳಗೆ ಇರುತ್ತವೆ. ಬೇಕಾದದ್ದರ ಮೇಲೆ ಕ್ಲಿಕ್ ಮಾಡಿ. ಪಾಸ್‌ವರ್ಡ್ ಕೇಳಿದರೆ ನಿಮ್ಮ ಲಿನಕ್ಸ್ ಪಾಸ್‌ವರ್ಡ್ ಕೊಡಿ. ಬಿಟ್‌ಲಾಕರ್ ಇದ್ದರೆ ಬೀಗದ ಚಿತ್ರ ಇರುತ್ತದೆ. ಅಲ್ಲಿ ಆ 48 ಅಂಕಿಗಳನ್ನು ಆರಾರರ ಗುಂಪಾಗಿ, ನಡುವೆ ಅಡ್ಡಗೆರೆ ಹಾಕಿ ಟೈಪ್ ಮಾಡಿ.

ಒಳಗೆ ಹೋದ ಮೇಲೆ 'ಯೂಸರ್ಸ್' ಫೋಲ್ಡರ್, ಅದರಲ್ಲಿ ನಿಮ್ಮ ಹೆಸರಿನ ಫೋಲ್ಡರ್. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅಲ್ಲೇ ಇರುತ್ತವೆ. ತೆರೆಯಿರಿ, ಲಿನಕ್ಸಿನ ಹೋಮ್ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. 'ವಿಂಡೋಸ್', 'ಪ್ರೋಗ್ರಾಮ್ ಫೈಲ್ಸ್' ಹೆಸರಿನ ಫೋಲ್ಡರುಗಳ ಕಡೆ ಹೋಗಬೇಡಿ. ವಿಂಡೋಸಿನೊಳಗೆ ಇದ್ದಾಗ ಅವುಗಳಿಗೆ ಇರುವ ಕಾವಲು ಇಲ್ಲಿ ಇಲ್ಲ. ಡಿಲೀಟ್ ಒತ್ತಿದರೆ ಹೋಗಿಯೇ ಬಿಡುತ್ತವೆ. ಇಎಫ್‌ಐ, ರಿಕವರಿ ಎಂಬ ಚಿಕ್ಕ ಪಾರ್ಟಿಶನ್‌ಗಳು ಕಂಡರೂ ಅಷ್ಟೇ, ಕೈ ಹಾಕಬೇಡಿ. ಕಂಪ್ಯೂಟರ್ ಏಳುವುದೇ ಆ ಇಎಫ್‌ಐ ಪಾರ್ಟಿಶನ್ನಿನಿಂದ.

ಇಲ್ಲಿ ಕೆಲವರಿಗೆ ಡಾಕ್ಯುಮೆಂಟ್ಸ್ ಫೋಲ್ಡರ್ ಖಾಲಿ ಕಾಣುತ್ತದೆ. ಗಾಬರಿ ಬೇಡ. ವಿಂಡೋಸ್ ಹಲವು ಸಲ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಇಂಟರ್‌ನೆಟ್ ಸಂಗ್ರಹ) ಫೋಲ್ಡರಿನ ಒಳಗೆ ಸಾಗಿಸಿರುತ್ತದೆ. ಅಲ್ಲಿ ಮೋಡದ ಗುರುತು ಇರುವ ಫೈಲುಗಳು ನಿಮ್ಮ ಡಿಸ್ಕಿನಲ್ಲಿ ಇರುವುದೇ ಇಲ್ಲ, ಹೆಸರು ಮಾತ್ರ ಇರುತ್ತದೆ. ವಿಂಡೋಸಿನಲ್ಲಿ ಕ್ಲಿಕ್ ಮಾಡಿದರೆ ಇಂಟರ್‌ನೆಟ್ಟಿನಿಂದ ಇಳಿಯುತ್ತವೆ, ಲಿನಕ್ಸಿನಲ್ಲಿ ತೆರೆಯುವುದಿಲ್ಲ. ಕೆಲವೊಮ್ಮೆ ಒನ್‌ಡ್ರೈವ್ ಫೋಲ್ಡರೇ ತೆರೆಯುವುದಿಲ್ಲ. ವಾಪಸ್ ವಿಂಡೋಸಿಗೆ ಹೋಗಿ, ಬೇಕಾದ ಫೈಲುಗಳನ್ನು ಒನ್‌ಡ್ರೈವ್‌ನಿಂದ ಹೊರಗೆ ಬೇರೊಂದು ಫೋಲ್ಡರಿಗೆ ಕಾಪಿ ಮಾಡಿಟ್ಟು ಬನ್ನಿ. ಅದೇ ಗ್ಯಾರಂಟಿ ದಾರಿ.

ಇನ್ನು ಡಿಲೀಟ್ ಮಾಡುವ ವಿಷಯ. ಲಿನಕ್ಸಿನಿಂದ ವಿಂಡೋಸ್ ಪಾರ್ಟಿಶನ್ನಿನ ಫೈಲು ಅಳಿಸಿದರೆ ಅದು ವಿಂಡೋಸಿನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಅದೇ ಪಾರ್ಟಿಶನ್ನಿನಲ್ಲಿ 'ಟ್ರ್ಯಾಶ್-1000' ಎಂಬಂಥ ಹೆಸರಿನ ಅಡಗಿದ ಫೋಲ್ಡರಿಗೆ ಸೇರುತ್ತದೆ. "ಇಷ್ಟು ವಿಡಿಯೋ ತೆಗೆದರೂ ಜಾಗ ಖಾಲಿ ಆಗಲೇ ಇಲ್ಲ" ಅಂತ ತಲೆ ಕೆರೆದುಕೊಳ್ಳುವವರು ಲಿನಕ್ಸಿನ ಟ್ರ್ಯಾಶ್ ತೆರೆದು ಖಾಲಿ ಮಾಡಿ.

ತೆರೆಯಿತು, ಆದರೆ ಕನ್ನಡ ಓದಲಾಗುತ್ತಿಲ್ಲ!

ನಮ್ಮ ಕಡೆಯವರಿಗೆ ಬರುವ ತೊಂದರೆ ಇದು. ಇಂಗ್ಲಿಷ್ ಗೈಡುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೇವಸ್ಥಾನದ ಆಮಂತ್ರಣ, ಸಂಘದ ವರದಿ, ಶಾಲೆಯ ಪತ್ರ ಯಾವುದೋ ಒಂದನ್ನು ಲಿಬ್ರೆಆಫೀಸ್‌ನಲ್ಲಿ (ಲಿನಕ್ಸಿನಲ್ಲಿ ವರ್ಡ್ ಬದಲು ಬಳಸುವ ಪ್ರೋಗ್ರಾಮ್) ತೆರೆಯುತ್ತೀರಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ ಎಲ್ಲ ಕಲಸಿದ ಸಾಲುಗಳು ಕಾಣುತ್ತವೆ. ಪಾರ್ಟಿಶನ್ ಹಾಳಾಯಿತು, ಕಾಪಿ ಮಾಡುವಾಗ ಏನೋ ಆಯಿತು ಅಂತ ಅಂದುಕೊಳ್ಳಬೇಡಿ. ಫೈಲು ಸರಿಯಾಗಿಯೇ ಇದೆ. ಅದನ್ನು ಟೈಪ್ ಮಾಡಿದ್ದು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಮುಗಳ ಹಳೆಯ ಕ್ರಮದಲ್ಲಿ. ಅಲ್ಲಿ ಫೈಲಿನೊಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಲಿನಕ್ಸಿನಲ್ಲಿ ಇಲ್ಲ, ಅಷ್ಟೇ.

ಫಾಂಟ್ ಎಲ್ಲಿದೆ? ನೀವು ಈಗಷ್ಟೇ ತೆರೆದ ವಿಂಡೋಸ್ ಪಾರ್ಟಿಶನ್ನಿನಲ್ಲೇ ಇದೆ. 'ವಿಂಡೋಸ್' ಫೋಲ್ಡರಿನೊಳಗೆ 'ಫಾಂಟ್ಸ್'. ಅದರ ಕಡೆ ಹೋಗಬೇಡಿ ಅಂತ ಮೇಲೆ ಹೇಳಿದ್ದು ಅಳಿಸುವವರಿಗೆ, ಕಾಪಿ ಮಾಡಲು ಅಡ್ಡಿಯಿಲ್ಲ. ನುಡಿ ಎಂಬ ಹೆಸರಿನಿಂದ ಶುರುವಾಗುವ ಫೈಲುಗಳನ್ನು ನಿಮ್ಮ ಹೋಮ್ ಫೋಲ್ಡರಿಗೆ ಕಾಪಿ ಮಾಡಿ. ಡಬಲ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್' ಒತ್ತಿ. ಲಿಬ್ರೆಆಫೀಸನ್ನು ಮುಚ್ಚಿ ತೆರೆದರೆ ಕನ್ನಡ ಕಾಣುತ್ತದೆ. ಆದರೆ ಇದು ತಾತ್ಕಾಲಿಕ ಉಪಾಯ. ಮುಂದೆಯೂ ಬೇಕಾಗುವ ಫೈಲಾದರೆ ಆಸ್ಕಿಯಿಂದ (ಆ ಹಳೆಯ ಕ್ರಮದಿಂದ) ಯುನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಇರುವ ಕ್ರಮಕ್ಕೆ) ಬದಲಿಸುವ ಕನ್ವರ್ಟರ್ ಬಳಸಿ ಪರಿವರ್ತಿಸಿಟ್ಟುಕೊಳ್ಳಿ. ಯುನಿಕೋಡ್ ಆದ ಮೇಲೆ ವಿಂಡೋಸ್, ಲಿನಕ್ಸ್, ಫೋನು ಎಲ್ಲ ಕಡೆ ಓದಬಹುದು.

ಮೊದಲೇ ಯುನಿಕೋಡ್‌ನಲ್ಲಿದ್ದ ಫೈಲಿಗೆ ಈ ರಗಳೆ ಇಲ್ಲ. ತುಂಗಾ ಅಥವಾ ನಿರ್ಮಲಾ ಫಾಂಟ್ ಇಲ್ಲದಿದ್ದರೆ ಲಿನಕ್ಸ್ ತನ್ನಲ್ಲಿರುವ ನೋಟೋ, ಲೋಹಿತ್ ಅಥವಾ ಗುಬ್ಬಿ ಫಾಂಟಿನಲ್ಲಿ ತೋರಿಸುತ್ತದೆ. ಸಾಲು ಅಲ್ಲಿ ಇಲ್ಲಿ ಮುರಿಯಬಹುದು, ಓದಲು ತೊಂದರೆಯಿಲ್ಲ.

ತೆರೆಯಲೇ ಇಲ್ಲ ಅಂದರೆ

'ವಿಂಡೋಸ್ ಈಸ್ ಹೈಬರ್ನೇಟೆಡ್, ರಿಫ್ಯೂಸ್ಡ್ ಟು ಮೌಂಟ್' ಅಂತ ಬಂದರೆ ಕಾರಣ ಮೇಲೆ ಹೇಳಿದ್ದೇ. 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಶನ್, ಬ್ಯಾಡ್ ಸೂಪರ್‌ಬ್ಲಾಕ್' ಅಂತಲೂ ಬರಬಹುದು. ಓದಿದರೆ ಡಿಸ್ಕೇ ಸತ್ತುಹೋಯಿತು ಅನಿಸುತ್ತದೆ. ಹೆಚ್ಚಿನ ಸಲ ಹಾಗಲ್ಲ, ವಿಂಡೋಸ್ ಸರಿಯಾಗಿ ಬಂದ್ ಆಗಿಲ್ಲ ಅನ್ನುವುದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದೆ. ಮಳೆಗಾಲದಲ್ಲಿ ಗುಡುಗು ಶುರುವಾದ ಕೂಡಲೇ ಕರೆಂಟು ಹೋಗುವುದು ನಮ್ಮಲ್ಲಿ ಇದ್ದದ್ದೇ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಹಾಗೆ ಥಟ್ಟನೆ ಆಫ್ ಆದರೂ ಇದೇ ಸಂದೇಶ ಬರುತ್ತದೆ.

ಮದ್ದು ವಿಂಡೋಸಿನಲ್ಲಿದೆ. ವಿಂಡೋಸಿಗೆ ಹೋಗಿ. ಆ ಡ್ರೈವಿನ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಟೂಲ್ಸ್', 'ಚೆಕ್'. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ ಲಿನಕ್ಸಿಗೆ ಬನ್ನಿ.

ಲಿನಕ್ಸಿನಲ್ಲಿ 'ಎನ್‌ಟಿಎಫ್‌ಎಸ್‌ಫಿಕ್ಸ್' ಅಂತ ಒಂದು ಕಮಾಂಡ್ ಇದೆ. ಯೂಟ್ಯೂಬಿನಲ್ಲಿ ಮೊದಲು ಅದನ್ನೇ ಹೇಳಿಕೊಡುತ್ತಾರೆ. ಅದು ಚಿಕ್ಕಪುಟ್ಟ ದೋಷ ಸರಿಮಾಡಿ, ಡಿಸ್ಕಿನ ಮೇಲಿನ 'ತಪಾಸಣೆ ಬೇಕು' ಎಂಬ ಗುರುತು ಅಳಿಸಬಲ್ಲದು. ವಿಂಡೋಸಿನ ಚೆಕ್ ಮಾಡುವಷ್ಟು ಕೆಲಸ ಅದರಿಂದ ಆಗುವುದಿಲ್ಲ. ವಿಂಡೋಸ್ ಏಳುತ್ತಿರುವಾಗ ಅದರ ಸಹವಾಸ ಯಾಕೆ?

ಪ್ರತಿ ಸಲ ಕ್ಲಿಕ್ ಮಾಡುವ ರಗಳೆ ಬೇಡ ಅನ್ನುವವರು 'ಡಿಸ್ಕ್ಸ್' ಎಂಬ ಆ್ಯಪ್ ತೆರೆಯಿರಿ. ಪಾರ್ಟಿಶನ್ ಆರಿಸಿ, ಗೇರ್ ಚಿತ್ರ ಒತ್ತಿ, 'ಎಡಿಟ್ ಮೌಂಟ್ ಆಪ್ಶನ್ಸ್'ಗೆ ಹೋಗಿ. 'ಯೂಸರ್ ಸೆಷನ್ ಡಿಫಾಲ್ಟ್ಸ್' ಆಫ್ ಮಾಡಿ, 'ಮೌಂಟ್ ಅಟ್ ಸಿಸ್ಟಮ್ ಸ್ಟಾರ್ಟಪ್' ಟಿಕ್ ಇರಲಿ. ಕೆಳಗಿನ ಸಾಲಿನಲ್ಲಿ 'ನೋಫೇಲ್' ಎಂಬ ಪದ ಇರುತ್ತದೆ, ಅದನ್ನು ಅಳಿಸಬೇಡಿ. ಆ ಪಾರ್ಟಿಶನ್ ಸಿಗದಿದ್ದರೂ ಲಿನಕ್ಸ್ ಅರ್ಧದಲ್ಲಿ ನಿಲ್ಲದೆ ಏಳುವುದು ಆ ಒಂದು ಪದದಿಂದ.

ವಿಂಡೋಸಿನಿಂದ ಲಿನಕ್ಸಿನ ಫೈಲು ಬೇಕಾದರೆ

ಇದು ಇಕ್ಕಟ್ಟಿನ ದಾರಿ. ಮೊದಲ ಎಚ್ಚರಿಕೆ: ಲಿನಕ್ಸಿನ ಪಾರ್ಟಿಶನ್ನಿಗೆ ಡ್ರೈವ್ ಅಕ್ಷರ ಕೊಟ್ಟು ತೆರೆಯಲು ಹೋದರೆ "ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಕೇಳುತ್ತದೆ. ಯಾವ ಕಾರಣಕ್ಕೂ ಒಪ್ಪಬೇಡಿ. ಅದರ ಅರ್ಥ "ನನಗೆ ಇದು ಓದಲು ಬರುವುದಿಲ್ಲ" ಅಂತ ಮಾತ್ರ.

ಡಿಸ್ಕ್‌ಇಂಟರ್ನಲ್ಸ್ ಕಂಪನಿಯ 'ಲಿನಕ್ಸ್ ರೀಡರ್' ಎಂಬ ಉಚಿತ ಪ್ರೋಗ್ರಾಮ್ ಹಾಕಿಕೊಳ್ಳಿ. ಅದು ಓದುತ್ತದೆ, ಬರೆಯುವುದಿಲ್ಲ. ನನ್ನ ಪ್ರಕಾರ ಅದೇ ಅದರ ಒಳ್ಳೆಯ ಗುಣ. ಫೈಲು ಆರಿಸಿ, ಸೇವ್ ಕೊಟ್ಟು ವಿಂಡೋಸ್ ಕಡೆ ಇಳಿಸಿಕೊಳ್ಳಿ. 'ಇಎಕ್ಸ್‌ಟಿ2ಎಫ್‌ಎಸ್‌ಡಿ' ಎಂಬ ಹಳೆಯ ಡ್ರೈವರನ್ನು ಇನ್ನೂ ಕೆಲವರು ಹೇಳುತ್ತಾರೆ. ಅದು ಈಗಿನ ಇಎಕ್ಸ್‌ಟಿ4ರ ಎಲ್ಲ ವಿಶೇಷಗಳಿಗೆ ಒಗ್ಗುವುದಿಲ್ಲ. ಅದರಿಂದ ಬರೆಯಲು ಹೋಗುವುದು ಅಪಾಯ.

ಡಬ್ಲ್ಯುಎಸ್‌ಎಲ್ (ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಗೊತ್ತಿರುವವರು, ಡಿಸ್ಕನ್ನು ಅದಕ್ಕೆ ಜೋಡಿಸುವ ಮೌಂಟ್ ಕಮಾಂಡ್ ಬಳಸೋಣ ಅಂದುಕೊಳ್ಳಬಹುದು. ಅದು ಇಡೀ ಡಿಸ್ಕನ್ನೇ ಕೇಳುತ್ತದೆ. ವಿಂಡೋಸ್ ಇರುವ ಡಿಸ್ಕನ್ನು ಹಾಗೆ ಕೊಡಲು ಬರುವುದಿಲ್ಲ. ನಿಮ್ಮ ಲಿನಕ್ಸ್ ಬೇರೆಯೇ ಡಿಸ್ಕಿನಲ್ಲಿದ್ದರೆ ಸರಿ. ಒಂದೇ ಡಿಸ್ಕಿನ ಲ್ಯಾಪ್‌ಟಾಪ್ ಆದರೆ ಆಗುವ ಕೆಲಸವಲ್ಲ.

ಎರಡಕ್ಕೂ ಒಂದು ಪಾರ್ಟಿಶನ್

ದಿನಾ ಎರಡೂ ಕಡೆ ಓಡಾಡುವವರು ಮಾಡಬೇಕಾದದ್ದು ಇದು. ಫೋಟೋ, ವಿಡಿಯೋ, ಕಾಲೇಜಿನ ಕೆಲಸ ಎಲ್ಲವನ್ನೂ ಮೂರನೆಯ ಪಾರ್ಟಿಶನ್ನಿನಲ್ಲಿ ಇಡಿ. ಮೊದಲು ಮುಖ್ಯ ಫೈಲುಗಳ ಬ್ಯಾಕಪ್ ತೆಗೆದಿಡಿ. ಆಮೇಲೆ ವಿಂಡೋಸಿನ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದು, ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಶ್ರಿಂಕ್ ವಾಲ್ಯೂಮ್' ಕೊಡಿ. ಖಾಲಿಯಾದ ಜಾಗದಲ್ಲಿ 'ನ್ಯೂ ಸಿಂಪಲ್ ವಾಲ್ಯೂಮ್' ಮಾಡಿ. ವಿಂಡೋಸಿನ ಪಾರ್ಟಿಶನ್ನನ್ನು ಲಿನಕ್ಸಿನ ಟೂಲಿನಿಂದ ಕಿರಿದು ಮಾಡುವುದಕ್ಕಿಂತ ವಿಂಡೋಸಿನಿಂದಲೇ ಮಾಡುವುದು ಒಳ್ಳೆಯದು.

ಫಾರ್ಮ್ಯಾಟ್ ಯಾವುದು? ಎಫ್‌ಎಟಿ32 ಬೇಡವೇ ಬೇಡ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವ ಹಾಗಿಲ್ಲ. ಇಡೀ ರಾತ್ರಿಯ ಯಕ್ಷಗಾನ ರೆಕಾರ್ಡ್ ಮಾಡಿದವರಿಗೆ 4 ಜಿಬಿ ಎಲ್ಲಿಗೆ ಸಾಕು? ಎಕ್ಸ್‌ಫ್ಯಾಟ್‌ನಲ್ಲಿ ಆ ಮಿತಿ ಇಲ್ಲ, ಎರಡೂ ಸಿಸ್ಟಮ್ ಅದನ್ನು ಓದುತ್ತವೆ. ಪೆನ್‌ಡ್ರೈವಿಗೆ ಅದೇ ಸರಿ. ಆದರೆ ಅದರಲ್ಲಿ ಜರ್ನಲ್ ಇಲ್ಲ, ಅಂದರೆ ಬರೆಯುವಾಗ ಕರೆಂಟು ಹೋದರೆ ಎಲ್ಲಿ ನಿಂತಿತ್ತು ಅನ್ನುವ ದಾಖಲೆ ಉಳಿಯುವುದಿಲ್ಲ. ಎನ್‌ಟಿಎಫ್‌ಎಸ್‌ನಲ್ಲಿ ಜರ್ನಲ್ ಇದೆ. ನಮ್ಮ ಕರಾವಳಿಯ ಮಳೆಗಾಲ ಗೊತ್ತಿರುವವನಾಗಿ, ಒಳಗಿನ ಡಿಸ್ಕಿಗೆ ನಾನು ಎನ್‌ಟಿಎಫ್‌ಎಸ್ ಅನ್ನೇ ಹೇಳುತ್ತೇನೆ. ಫಾಸ್ಟ್ ಸ್ಟಾರ್ಟಪ್ ಆಫ್ ಇರಬೇಕು ಅನ್ನುವ ಮಾತು ಈ ಪಾರ್ಟಿಶನ್ನಿಗೂ ಅನ್ವಯಿಸುತ್ತದೆ.

ಆದ ಮೇಲೆ ವಿಂಡೋಸಿನ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ಲೊಕೇಶನ್' ಒತ್ತಿ ಇಲ್ಲಿಗೆ ಸಾಗಿಸಬಹುದು. ಲಿನಕ್ಸಿನ ಹೋಮ್ ಫೋಲ್ಡರನ್ನು ಮಾತ್ರ ಪೂರ್ತಿಯಾಗಿ ಇಲ್ಲಿಗೆ ತರಬೇಡಿ. ಯಾರು ಓದಬಹುದು, ಯಾರು ಓಡಿಸಬಹುದು ಎಂಬ ಲಿನಕ್ಸಿನ ಅನುಮತಿಗಳು ಇಲ್ಲಿ ಸರಿಯಾಗಿ ನಿಲ್ಲುವುದಿಲ್ಲ.

ಹೆಸರಿಡುವಾಗಲೂ ಸ್ವಲ್ಪ ಜಾಗ್ರತೆ. ಲಿನಕ್ಸಿನಲ್ಲಿ 'ಮೀಟಿಂಗ್ 10:30' ಅಂತ ಫೈಲಿಗೆ ಹೆಸರಿಡಬಹುದು. ವಿಂಡೋಸಿಗೆ ಆ ಎರಡು ಚುಕ್ಕೆ ಆಗಿಬರುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಕೂಡ ಅಷ್ಟೇ. ಅಂಥ ಫೈಲು ಅಲ್ಲಿ ಕಂಡರೂ ತೆರೆಯದೆ ಸತಾಯಿಸುತ್ತದೆ.

ಲಿನಕ್ಸಿನಿಂದ ಬಂದಾಗ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುವುದನ್ನೂ ನೋಡಿರಬಹುದು. ಲಿನಕ್ಸ್ ಕಂಪ್ಯೂಟರಿನ ಒಳಗಿನ ಗಡಿಯಾರದಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಅದನ್ನು ಭಾರತದ ಸಮಯ ಅಂತ ಓದುತ್ತದೆ. ಫೈಲುಗಳಿಗೇನೂ ಹಾನಿಯಿಲ್ಲ. ಆದರೆ ಆ ಹೊತ್ತಿನಲ್ಲಿ ಸೇವ್ ಮಾಡಿದ ಫೈಲಿಗೆ ತಪ್ಪು ಸಮಯ ಬೀಳುತ್ತದೆ. ವಿಂಡೋಸಿನ 'ಡೇಟ್ ಆಂಡ್ ಟೈಮ್'ನಲ್ಲಿ 'ಸಿಂಕ್ ನೌ' ಒತ್ತಿ ಸರಿಮಾಡಿಕೊಂಡು ಕೆಲಸ ಶುರು ಮಾಡಿ.

ವಿಂಡೋಸ್ ಏಳುವುದೇ ಇಲ್ಲ ಅನ್ನುವ ದಿನವೂ ಬರಬಹುದು. ಆಗಲೂ ಇದೇ ದಾರಿ. ಲಿನಕ್ಸಿನಿಂದ, ಲಿನಕ್ಸ್ ಹಾಕದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಪಾರ್ಟಿಶನ್ ತೆರೆದು, ಬೇಕಾದದ್ದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಓದಲು ಮಾತ್ರ ತೆರೆದರೂ ಸಾಕು, ಕಾಪಿಗೆ ಅಷ್ಟೇ ಬೇಕಾದದ್ದು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಕೊಡಿ. ಅಂಥ ಡಿಸ್ಕನ್ನು ಓಡಿಸಿದಷ್ಟೂ ಸಿಗುವ ಫೈಲು ಕಡಿಮೆಯಾಗುತ್ತಾ ಹೋಗುತ್ತದೆ.